ಹಳ್ಳದ ಸದ್ದಿನ ಪಕ್ಕ ಸಿಳ್ಳಾರದ ಗೂಡು: ಆಗುಂಬೆ ಸೀಮೆಯಲ್ಲಿ ಐದು ದಿನ

ಮೊದಲ ದಿನ

ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತುವಾಗ ಬಿಸಿಲಿತ್ತು. ಆಗುಂಬೆ ಹತ್ತಿರವಾಗುತ್ತಿದ್ದ ಹಾಗೆ ಕಂಡಕ್ಟರ್ ಎದ್ದು ಒಂದೊಂದೇ ಕಿಟಕಿ ಮುಚ್ಚುತ್ತಾ ಬಂದರು. ಊರಲ್ಲಿ ಇಳಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಜೂನ್ ತಿಂಗಳ ಮೂರನೇ ವಾರ. ಮೃಗಶಿರ ಮಳೆ ಮುಗಿದು ಆರಿದ್ರಾ ಹುಟ್ಟಲು ಎರಡೇ ದಿನ ಬಾಕಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿಗೆ ಮಳೆಗಾಲದಲ್ಲೇ ಯಾಕೆ ಹೋಗಬೇಕು ಅಂತ ಮನೆಯಲ್ಲಿ ಕೇಳಿದ್ದರು. ಏನು ಮಾಡುವುದು, ನಾನು ನೋಡಬೇಕೆಂದಿದ್ದ ಹಕ್ಕಿ ಸಂಸಾರ ಹೂಡುವುದೇ ಈ ಮಳೆಯಲ್ಲಿ.

ಆ ಹಕ್ಕಿ ಸಿಳ್ಳಾರ. ಪೂರ್ತಿ ಹೇಳಿದರೆ ಸರಳೆ ಸಿಳ್ಳಾರ. ಇಂಗ್ಲಿಷಿನಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್ ಅನ್ನುತ್ತಾರೆ. ಗೊರವಂಕಕ್ಕಿಂತ ತುಸು ದೊಡ್ಡದು, ಸುಮಾರು 25 ಸೆಂಟಿಮೀಟರ್ ಉದ್ದ. ದೂರದಿಂದ ಬರೀ ಕಪ್ಪು. ಬೆಳಕು ಸರಿಯಾಗಿ ಬಿದ್ದರೆ ಹಣೆಯ ಮೇಲೆ, ಹೆಗಲ ಮೇಲೆ ಹೊಳೆಯುವ ನೀಲಿ ಕಾಣುತ್ತದೆ. ಗಂಡು ಹೆಣ್ಣು ನೋಡಲು ಒಂದೇ ಥರ. ಸಹ್ಯಾದ್ರಿಯ ಉದ್ದಕ್ಕೂ, ಮಧ್ಯ ಭಾರತದ ಕೆಲವು ಬೆಟ್ಟಗಳಲ್ಲೂ ಇದೆ. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ.

ಗೆಳೆಯನ ಅಜ್ಜಿಮನೆ ಆಗುಂಬೆಯಿಂದ ಶೃಂಗೇರಿ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ, ಅಡಿಕೆ ತೋಟದ ಮೇಲ್ಗಡೆ ಇದೆ. ಟಾರು ರಸ್ತೆಯಿಂದ ಮಣ್ಣಿನ ದಾರಿ ಹಿಡಿದು, ಹಳ್ಳದ ಮೇಲಿನ ಒಂದು ಹಳೇ ಕಲ್ಲು ಮೋರಿ ದಾಟಿ ಮನೆ ಸೇರುವಷ್ಟರಲ್ಲಿ ಕೊಡೆ ಹಿಡಿದಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಅಜ್ಜಿ ಬಚ್ಚಲ ಒಲೆಯ ಮುಂದೆ ಕೂರಿಸಿ ಬಿಸಿ ಕಷಾಯ ಕೊಟ್ಟರು.

ಕತ್ತಲಾಗುವ ಹೊತ್ತಿಗೆ ಮಳೆ ಸ್ವಲ್ಪ ನಿಂತಿತು. ಜಗಲಿಯಲ್ಲಿ ಕೂತಿದ್ದೆ. ತೋಟದ ಕೆಳಗಿನಿಂದ ಯಾರೋ ಹುಡುಗ ದನ ಹೊಡೆದುಕೊಂಡು ಬರುತ್ತಾ ಶಿಳ್ಳೆ ಹಾಕಿದ ಹಾಗೆ ಕೇಳಿಸಿತು. ಒಂದು ಸ್ವರ ಮೇಲೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಇನ್ನೊಂದು ಸ್ವರಕ್ಕೆ ನಿಧಾನ ಜಾರುತ್ತದೆ. ಈಗ ಒಂದು ಹಾಡು ಶುರುವಾಗುತ್ತದೆ ಅಂದುಕೊಳ್ಳುವಾಗ ದಾರಿ ಬದಲಾಗುತ್ತದೆ. ಇಂಗ್ಲಿಷರು ಇದಕ್ಕೆ ‘ವಿಸ್ಲಿಂಗ್ ಸ್ಕೂಲ್‌ಬಾಯ್’, ಅಂದರೆ ಶಿಳ್ಳೆ ಹಾಕುವ ಶಾಲೆ ಹುಡುಗ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ. ಅಜ್ಜಿ ಒಳಗಿನಿಂದಲೇ ಕೂಗಿದರು, ‘ಬಂತಲ್ಲ ನಿನ್ನ ಹಕ್ಕಿ!’

ಎರಡನೇ ದಿನ

ಐದು ಗಂಟೆಗೆ ಎದ್ದೆ. ಬೇರೆ ಯಾವ ಹಕ್ಕಿಯೂ ಬಾಯಿ ಬಿಟ್ಟಿರಲಿಲ್ಲ. ಸಿಳ್ಳಾರ ಆಗಲೇ ಶುರು ಮಾಡಿತ್ತು. ಇದರ ಹಾಡಿಗೆ ಬೆಳಕು ಹರಿಯುವ ಮೊದಲಿನ ಹೊತ್ತೇ ಇಷ್ಟ. ಚಳಿಗಾಲದಲ್ಲಿ ಇದೇ ಜಾಗಕ್ಕೆ ಬಂದರೆ ಹಾಡು ಕೇಳಿಸುವುದು ಕಡಿಮೆ. ಬೇಸಿಗೆ ಮಳೆ ಬಿದ್ದು ಹಳ್ಳಕ್ಕೆ ನೀರು ಬಂದ ಮೇಲೆ ಇದಕ್ಕೆ ಗಂಟಲು ಬರುತ್ತದೆ. ಜೋಡಿ ತನ್ನ ಹಳ್ಳದ ಒಂದಷ್ಟು ಉದ್ದವನ್ನು ತನ್ನದು ಅಂತ ಇಟ್ಟುಕೊಳ್ಳುತ್ತದೆ. ಬೆಳಗಿನ ಆ ಶಿಳ್ಳೆಯಲ್ಲಿ ‘ಇದು ನಮ್ಮ ಹಳ್ಳ’ ಅನ್ನುವ ಮಾತೂ ಸೇರಿರುತ್ತದೆ.

ಬೆಳಕಾದ ಮೇಲೆ ತೋಟ ಇಳಿದು ಹಳ್ಳದ ಬದಿ ಹಿಡಿದೆ. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡಿದ್ದೆ. ಆದರೂ ಇಂಬಳ ಹತ್ತುವುದು ಹತ್ತಿತು. ಒಂದು ಚಪ್ಪಟೆ ಬಂಡೆಯ ಮೇಲೆ ಏಡಿಯ ಕಾಲುಗಳು ಬಿದ್ದಿದ್ದವು. ಚಿಪ್ಪಿನ ಒಂದು ಚೂರೂ ಇತ್ತು. ಇದು ಸಿಳ್ಳಾರದ ಊಟದ ಕಲ್ಲು ಇರಬೇಕು ಅಂತ ಅನ್ನಿಸಿತು. ಏಡಿಯನ್ನು ಕೊಕ್ಕಲ್ಲಿ ಹಿಡಿದು ಕಲ್ಲಿಗೆ ಚಚ್ಚಿ ಚಚ್ಚಿ ಕಾಲು ಉದುರಿಸಿ ತಿನ್ನುವುದು ಇದರ ಅಭ್ಯಾಸ. ಕಪ್ಪೆಗೂ ಅದೇ ಗತಿ. ಎರೆಹುಳು, ಬಸವನಹುಳು, ನೀರಿನ ಹುಳು, ಕಾಡಿನ ಹಣ್ಣು, ಎಲ್ಲವೂ ಆಗುತ್ತದೆ. ಇವೆಲ್ಲ ಧಾರಾಳವಾಗಿ ಸಿಗುವುದು ಮಳೆಗಾಲದಲ್ಲೇ ಅಲ್ವಾ? ಮರಿಗಳ ಬಾಯಿ ತುಂಬಿಸಬೇಕಾದವರು ಮಳೆಗಾಲ ಆರಿಸಿಕೊಂಡಿದ್ದು ಸರಿಯಾಗೇ ಇದೆ.

ಎರಡು ಗಂಟೆ ಹುಡುಕಿದೆ. ಬಂಡೆಯ ಸಂದು, ಬೇರಿನ ಸಂದು, ದರೆ ಕುಸಿದ ಜಾಗ, ಎಲ್ಲಾ ದೂರದಿಂದ ಬೈನಾಕ್ಯುಲರಿನಲ್ಲಿ ನೋಡಿದೆ. ಏನೂ ಸಿಗಲಿಲ್ಲ. ಸುಸ್ತಾಗಿ ದಾರಿಗೆ ಹತ್ತಿ ಬಂದು ನಿನ್ನೆ ದಾಟಿದ ಕಲ್ಲು ಮೋರಿಯ ಮೇಲೆ ಕಾಲು ಇಳಿಬಿಟ್ಟು ಕೂತೆ.

ಕೂತು ಐದು ನಿಮಿಷ ಆಗಿರಲಿಲ್ಲ. ‘ಕ್ರೀ...’ ಅಂತ ಕಿವಿ ಕೊರೆಯುವ ಕೂಗು. ಹಳ್ಳದ ಸದ್ದನ್ನು ಸೀಳಿಕೊಂಡು ಬಂತು. ಈ ಕೂಗಿಗೂ ಆ ಹಾಡಿಗೂ ಏನೇನೂ ಸಂಬಂಧ ಇಲ್ಲ. ನೀರಿನ ಭೋರ್ಗರೆತದ ಮಧ್ಯೆ ಜೋಡಿ ಒಬ್ಬರನ್ನೊಬ್ಬರು ಕರೆಯಬೇಕಾದರೆ ಇಂಥ ಚೂಪು ಕೂಗೇ ಬೇಕು. ಕೆಳಗಿನ ಕಲ್ಲಿನ ಮೇಲೆ ಹಕ್ಕಿ ಬಂದು ಕೂತಿತು. ಬಾಲವನ್ನು ಬೀಸಣಿಗೆಯ ಹಾಗೆ ಮೆಲ್ಲಗೆ ಬಿಚ್ಚಿತು, ಮುಚ್ಚಿತು. ಮತ್ತೆ ಬಿಚ್ಚಿತು. ನನ್ನಿಂದ ಹದಿನೈದು ಹೆಜ್ಜೆ ದೂರ ಅಷ್ಟೇ! ಇಷ್ಟು ಹತ್ತಿರ ನಾನು ಯಾವತ್ತೂ ನೋಡಿರಲಿಲ್ಲ. ಕ್ಯಾಮೆರಾ ತೆಗೆದು ಒಂದರ ಮೇಲೊಂದು ಫೋಟೋ ಹೊಡೆದೆ. ಹಕ್ಕಿ ಹೋಗಲಿಲ್ಲ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರಿತು, ಕೂಗಿತು, ಮತ್ತೆ ಮೊದಲಿನ ಕಲ್ಲಿಗೇ ಬಂತು. ಇನ್ನೊಂದು ಹಕ್ಕಿಯೂ ಬಂತು. ನನಗೆ ಎಲ್ಲಿಲ್ಲದ ಖುಷಿ.

ಹತ್ತು ನಿಮಿಷ ಆದ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲ ಹಕ್ಕಿಯ ಕೊಕ್ಕಿನಲ್ಲಿ ಎರಡು ಎರೆಹುಳು ಜೋತಾಡುತ್ತಿದ್ದವು. ಮೊದಲ ಫೋಟೋದಲ್ಲೂ ಇದ್ದವು, ಕೊನೆಯದರಲ್ಲೂ ಇದ್ದವು. ಹಸಿದ ಹಕ್ಕಿ ಹುಳ ಸಿಕ್ಕಿದ ಕೂಡಲೇ ನುಂಗುತ್ತದೆ. ಹತ್ತು ನಿಮಿಷ ಬಾಯಲ್ಲಿ ಹಿಡಿದುಕೊಂಡು ಓಡಾಡುತ್ತಿದೆ ಎಂದರೆ ಅದು ತನಗಲ್ಲ. ಗೂಡು ಹತ್ತಿರದಲ್ಲೇ ಇದೆ. ನಾನು ಅದರ ದಾರಿಗೆ ಅಡ್ಡ ಕೂತಿದ್ದೇನೆ.

ಹೊಟ್ಟೆಯಲ್ಲಿ ಹೇಗೋ ಆಯಿತು. ಖುಷಿಯಿಂದ ಹೊಡೆದ ಒಂದೊಂದು ಫೋಟೋವೂ ಮರಿಗಳ ಊಟ ತಡೆದು ಹೊಡೆದದ್ದು. ತಕ್ಷಣ ಎದ್ದು, ಬಂದ ದಾರಿಯಲ್ಲೇ ವಾಪಸ್ ನಡೆದು, ಎಪ್ಪತ್ತು ಹೆಜ್ಜೆ ಆಚೆಗಿದ್ದ ಬಿದಿರಿನ ಹಿಂಡಿಲಿನ ಹಿಂದೆ ಕೂತೆ. ಕ್ಯಾಮೆರಾ ಚೀಲದೊಳಗೆ ಹಾಕಿದೆ. ಆಮೇಲೆ ಈ ಪ್ರವಾಸ ಮುಗಿಯುವವರೆಗೆ ಗೂಡಿನ ಹತ್ತಿರ ಅದನ್ನು ಹೊರಗೆ ತೆಗೆಯಲಿಲ್ಲ.

ಎರಡು ನಿಮಿಷಕ್ಕೆ ಕೂಗು ನಿಂತಿತು. ಹಕ್ಕಿ ಕಲ್ಲಿನಿಂದ ಇಳಿದು, ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ, ಮೋರಿಯ ಚಪ್ಪಡಿಯ ಅಡಿಗೆ ನುಗ್ಗಿ ಮಾಯವಾಯಿತು. ಬೆಳಗ್ಗೆಯಿಂದ ಹಳ್ಳವೆಲ್ಲ ಹುಡುಕಿದ ಗೂಡು ನಾನು ಕೂತಿದ್ದ ಕಲ್ಲಿನ ಕೆಳಗೇ ಇತ್ತು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಬಾಯಲ್ಲಿ ಹುಳ ಇರಲಿಲ್ಲ. ಬಿಳಿ ಬಣ್ಣದ ಏನೋ ಒಂದು ಪೊಟ್ಟಣ ಇತ್ತು. ಅದನ್ನು ಕಚ್ಚಿಕೊಂಡು ಹಳ್ಳದ ಕೆಳಕ್ಕೆ ದೂರ ಹೋಯಿತು. ಇದು ಮರಿಯ ಹಿಕ್ಕೆ. ಇಂಥ ಹಕ್ಕಿಗಳ ಮರಿಗಳು ಗೂಡಿನಲ್ಲಿರುವಾಗ ಹಿಕ್ಕೆ ಲೋಳೆಯಂಥ ತೆಳು ಚೀಲದೊಳಗೆ ಕಟ್ಟಿಕೊಂಡೇ ಹೊರಬರುತ್ತದೆ. ಅಪ್ಪ ಅಮ್ಮ ಅದನ್ನು ಎತ್ತಿ ದೂರ ಒಯ್ದು ಬಿಸಾಡುತ್ತವೆ, ಕೆಲವು ಸಲ ನುಂಗುತ್ತವೆ. ಗೂಡು ಒಣಗಿರುತ್ತದೆ, ವಾಸನೆ ಹಿಡಿದು ಹಾವು, ಪುನುಗು ಬರುವುದೂ ತಪ್ಪುತ್ತದೆ. ನನಗೆ ಆ ಪೊಟ್ಟಣದಿಂದ ಒಂದು ಸುದ್ದಿ ಸಿಕ್ಕಿತು. ಗೂಡಿನಲ್ಲಿ ಮೊಟ್ಟೆಯಲ್ಲ, ಮರಿ ಇದೆ.

ಬಿದಿರಿನ ಹಿಂದೆ ಒಂದು ಗಂಟೆ ಕೂತೆ. ಏಳು ಸಲ ಮೋರಿಯೊಳಗೆ ಹೋಗಿ ಬಂದವು. ಯಾವುದು ಗಂಡು, ಯಾವುದು ಹೆಣ್ಣು ಹೇಳಲಾಗಲಿಲ್ಲ. ಎರಡೂ ದುಡಿಯುತ್ತಿದ್ದವು ಅನ್ನುವುದಂತೂ ಸ್ಪಷ್ಟ.

ಮೂರನೇ ದಿನ

ರಾತ್ರಿಯೇ ಮಳೆ ಹಿಡಿದಿತ್ತು. ಬೆಳಗ್ಗೆ ಅಂಗಳದ ಆಚೆ ಏನೂ ಕಾಣುತ್ತಿರಲಿಲ್ಲ. ಹೊರಗೆ ಹೋಗುವ ಮಾತೇ ಇಲ್ಲ ಅಂತ ಅಜ್ಜಿ ಖಡಾಖಂಡಿತ ಹೇಳಿದರು. ಹಳ್ಳದ ಸದ್ದು ಮಾತ್ರ ಮನೆಯೊಳಕ್ಕೇ ಬರುತ್ತಿತ್ತು. ನಿನ್ನೆ ಕಲಕಲ ಅನ್ನುತ್ತಿದ್ದದ್ದು ಈಗ ಗುಡುಗುಡು ಅನ್ನುತ್ತಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮೋರಿಯೊಳಗೆ ನೀರು ಎಷ್ಟು ಏರಿರಬಹುದು?

ಅಜ್ಜಿಗೆ ಮೋರಿಯ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಮೊದಲು ನಮ್ಮ ಬಚ್ಚಲು ಮನೇಲೇ ಇಡ್ತಿತ್ತು. ಸೂರಿನ ಹಂಚು ತೆಗೆದು ಶೀಟು ಹಾಕಿಸಿದ್ವಲ್ಲ, ಆ ವರ್ಷದಿಂದ ಬಿಡ್ತು. ಗೂಡು ಇನ್ನೂ ಹಾಗೇ ಇದೆ, ಬಾ ತೋರಿಸ್ತೀನಿ.’

ಬಚ್ಚಲು ಮನೆಯ ತೊಲೆ ಗೋಡೆಗೆ ಸೇರುವ ಮೂಲೆಯಲ್ಲಿ ಆ ಗೂಡು. ಮೂರು ವರ್ಷದಿಂದ ಖಾಲಿ. ಖಾಲಿ ಅಂತ ಖಾತ್ರಿ ಆದ ಮೇಲೆಯೇ ಏಣಿ ಹತ್ತಿದೆ. ಗೂಡು ಅಂದರೆ ಹುಲ್ಲುಕಡ್ಡಿಯ ಹಗುರ ಬಟ್ಟಲು ಅಂತ ತಿಳಿದವರು ಇದನ್ನು ನೋಡಬೇಕು. ಇದೊಂದು ದಪ್ಪ ದಿಂಬು. ಅಡಿಯಲ್ಲಿ ಒರಟು ಬೇರು, ನಾರು, ಕೊಳೆತ ಎಲೆ, ಎಲ್ಲವನ್ನೂ ಹಿಡಿದು ನಿಲ್ಲಿಸಿದ ಒಣ ಕೆಸರು. ಸುತ್ತ ಹಾವಸೆ. ಹಳ್ಳದ ಬಂಡೆಯಿಂದ ಕಿತ್ತು ತಂದಾಗ ಹಸಿರಾಗಿದ್ದದ್ದು ಈಗ ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿದೆ. ಮಧ್ಯದಲ್ಲಿ ನನ್ನ ಅಂಗೈ ಅಗಲದ ಬಟ್ಟಲು. ಅದರೊಳಗೆ ಕೂದಲಿನಷ್ಟು ಸಣ್ಣ ಬೇರುಗಳನ್ನು ದುಂಡಗೆ ಸುತ್ತಿ ಹಾಸಿದ್ದಾರೆ. ಹಾಸಿದ್ದಾರೆ ಅಂತಲೇ ಬರೆಯುತ್ತೇನೆ. ಅಷ್ಟು ಅಚ್ಚುಕಟ್ಟು. ಬೆರಳಿಟ್ಟು ನೋಡಿದೆ, ಮೂರು ವರ್ಷ ಆದರೂ ಒಂದು ಎಳೆ ಸಡಿಲವಾಗಿಲ್ಲ. ಕೆಳಗಿನ ಒರಟಿಗೂ ಮೇಲಿನ ನಯಕ್ಕೂ ಇರುವ ವ್ಯತ್ಯಾಸ ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಗೂಡಿನಲ್ಲಿ ಪದರ ಪದರ ಕಾಣುತ್ತಿತ್ತು. ಜಾಗ ಒಪ್ಪಿಗೆಯಾದರೆ ಸಿಳ್ಳಾರ ವರ್ಷ ವರ್ಷವೂ ಅಲ್ಲಿಗೇ ಬರುತ್ತದೆ. ಹಳೆಯದರ ಮೇಲೆಯೇ ಹೊಸ ಹಾವಸೆ ಇಟ್ಟು ರಿಪೇರಿ ಮಾಡಿಕೊಳ್ಳುತ್ತದೆ. ಕಾಡಿನೊಳಗಾದರೆ ಇದರ ಜಾಗ ಹಳ್ಳದ ಬದಿಯ ಬಂಡೆಯ ಮೆಟ್ಟಿಲು, ಜಲಪಾತದ ಪಕ್ಕದ ಸಂದು, ಕೆಲವು ಸಲ ಮರದ ಪೊಟರೆ. ಮನುಷ್ಯರ ಕಟ್ಟಡದಲ್ಲೂ ಇದಕ್ಕೆ ಬೇಕಾದ್ದು ಅದೇ: ಮೇಲೊಂದು ಚಾವಣಿ, ಕೆಳಗೊಂದು ಗಟ್ಟಿ ಕಟ್ಟೆ, ಹತ್ತಿರದಲ್ಲಿ ನೀರು. ಇದೇ ಮಲೆನಾಡಿನ ನೆಲಸಿಳ್ಳಾರ ಹೀಗಲ್ಲ. ಅದು ಕಾಫಿ ಗಿಡದ ಥರದ ಗಿಡಗಳ ಕವಲಿನಲ್ಲಿ, ಕೈಗೆಟುಕುವ ಎತ್ತರದಲ್ಲೂ ಗೂಡಿಡುತ್ತದೆ. ಹೆಸರಿನಲ್ಲಿ ಇಬ್ಬರೂ ಸಿಳ್ಳಾರ. ಆದರೆ ಈಗಿನ ವಿಜ್ಞಾನಿಗಳು ಡಿಎನ್ಎ ನೋಡಿ ನಮ್ಮ ಶಿಳ್ಳೆಯವನನ್ನು ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹಾಗೆ ನೋಡಿದರೆ ನೆಲಸಿಳ್ಳಾರಕ್ಕಿಂತ ಹಿತ್ತಲಿನ ಮಡಿವಾಳ ಹಕ್ಕಿಯೇ ಇದಕ್ಕೆ ಹತ್ತಿರದ ನೆಂಟ.

ಅಜ್ಜಿ ಹೇಳಿದ್ದು ಕೇಳುತ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಎರಡೋ ಮೂರೋ ಮೊಟ್ಟೆ ಇರುತ್ತಿದ್ದವಂತೆ. ಮಾಸಲು ಬಣ್ಣದ ಮೇಲೆ ಕೆಂಪು ಮಣ್ಣು ಚಿಮುಕಿಸಿದ ಹಾಗೆ ಚುಕ್ಕಿ. ಪುಸ್ತಕದ ಲೆಕ್ಕ 2ರಿಂದ 4. ಕಾವಿಗೆ ಗಂಡು ಹೆಣ್ಣು ಎರಡೂ ಕೂರುತ್ತವೆ, ಎರಡು ವಾರಕ್ಕಿಂತ ಸ್ವಲ್ಪ ಜಾಸ್ತಿ. ಆ ದಿನಗಳಲ್ಲಿ ಮನೆಯಲ್ಲಿ ಒಂದು ನಿಯಮ ಇತ್ತಂತೆ. ಕತ್ತಲಾದ ಮೇಲೆ ಬಚ್ಚಲಲ್ಲಿ ದೀಪ ಹಚ್ಚುವ ಹಾಗಿಲ್ಲ, ತೊಲೆಯ ಹತ್ತಿರ ಪೊರಕೆ ತೆಗೆದುಕೊಂಡು ಹೋಗುವ ಹಾಗಿಲ್ಲ. ಎಲ್ಲರೂ ಬೆಳಕಿದ್ದಾಗಲೇ ಸ್ನಾನ ಮುಗಿಸಬೇಕು. ‘ಹೊಗೆಗೆ ಹೆದರ್ತಿರಲಿಲ್ಲ ಅದು. ನಮಗೂ ಹೆದರ್ತಿರಲಿಲ್ಲ. ಹೊಸಬರು ಬಂದರೆ ಮಾತ್ರ ಬಾಯಲ್ಲಿ ಹುಳ ಇಟ್ಕೊಂಡು ಹೊರಗೇ ಕೂಗ್ತಾ ಇರೋದು.’ ನಿನ್ನೆಯ ಹತ್ತು ನಿಮಿಷ ಮತ್ತೆ ಕಣ್ಣ ಮುಂದೆ ಬಂತು.

ಹಾಡಿಗೋಸ್ಕರ ಈ ಹಕ್ಕಿಯನ್ನು ಹಿಂದೆ ಪಂಜರದಲ್ಲಿ ಸಾಕುತ್ತಿದ್ದರು. ಪಂಜರದಲ್ಲಿದ್ದುಕೊಂಡು ಮನುಷ್ಯರು ಕಲಿಸಿದ ಇಡೀ ಧಾಟಿಯನ್ನೇ ಶಿಳ್ಳೆ ಹಾಕುವಷ್ಟು ಜಾಣತನ ಇದಕ್ಕಿದೆ. ಈ ಮಾತು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೀರಿಲ್ಲದೆ ಹ್ಯಾಗಿರ್ತಿತ್ತೋ ಪಾಪ’ ಅಂದರು.

ರಾತ್ರಿ ಮಲಗುವಾಗ ಹಳ್ಳ ಇನ್ನೂ ಏರಿತ್ತು. ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಗೂಡು ನೀರಿಗೆ ಹೋಗಿದ್ದು ನೋಡಿದ್ದೀರಾ ಅಂತ ಕೇಳಿದೆ. ‘ಹೋಗಿದೆ. ತೋಟದ ಕೆಳಗೆ ಬಂಡೆ ಮೇಲೆ ಇಟ್ಟಿದ್ದು ಎರಡು ಸಲ ಹೋಗಿದೆ’ ಅಂದರು. ಸಮಾಧಾನಕ್ಕೆ ಅಂತ ಒಂದು ಸುಳ್ಳು ಹೇಳಲಿಲ್ಲ ಅವರು.

ನಾಲ್ಕನೇ ದಿನ

ಬೆಳಗ್ಗೆ ಮಳೆ ಜಿಟಿಜಿಟಿಗೆ ಇಳಿದಿತ್ತು. ತೋಟದ ತುದಿಯಿಂದ ಇಣುಕಿದೆ. ನಾನು ಕೂತಿದ್ದ ಬಿದಿರಿನ ಹಿಂಡಿಲಿನ ಬುಡ ನೀರಲ್ಲಿತ್ತು. ಮೋರಿ ಮಂಜಿನಲ್ಲಿ ಸರಿಯಾಗಿ ಕಾಣಲಿಲ್ಲ. ಮೋರಿ ದಾಟದೆ ಮೇಲಿನ ತೋಟದ ಅಂಚಿನಿಂದ ರಸ್ತೆಗೆ ಹೋದೆ. ಹತ್ತಿರ ಹೋಗಿ ನೋಡಬಹುದಿತ್ತು. ಮನಸ್ಸೂ ಎಳೆಯಿತು. ಆದರೆ ಮರಿ ಬದುಕಿದ್ದರೆ, ಒಂದಿಡೀ ದಿನದ ಮಳೆಯ ನಂತರ ಅವಕ್ಕೆ ಬೇಕಿದ್ದದ್ದು ಊಟ. ನಾನಲ್ಲ.

ಶೃಂಗೇರಿಗೆ ಬಸ್ಸು, ಅಲ್ಲಿಂದ ಕಿಗ್ಗಕ್ಕೆ ಇನ್ನೊಂದು ಬಸ್ಸು. ಕಿಗ್ಗದಲ್ಲಿರುವುದು ಮಳೆ ತರುವ ಋಷ್ಯಶೃಂಗನ ಗುಡಿ. ಬೇರೆ ಕಡೆ ಮಳೆ ಬರಲಿ ಅಂತ ಜನ ಇಲ್ಲಿಗೆ ಬಂದು ಬೇಡಿಕೊಳ್ಳುತ್ತಾರೆ. ನಾನು ಮೊದಲ ಸಲ ಒಂದು ಹೊತ್ತು ಮಳೆ ನಿಲ್ಲಲಿ ಅಂತ ಕೈ ಮುಗಿದೆ. ಅಲ್ಲಿಂದ ಜೀಪಿನಲ್ಲಿ ಸಿರಿಮನೆ ಜಲಪಾತ.

ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಎರಚಲು ಮುಖಕ್ಕೆ ಹೊಡೆಯಿತು. ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಂಥ ಗಲಾಟೆಯ ನಡುವೆ, ನೀರಿನ ಬಲಬದಿಯ ಕಪ್ಪು ಗೋಡೆಯಿಂದ ಒಂದು ಸಿಳ್ಳಾರ ಹಾರಿದ್ದು ಕಂಡಿತು. ಜನ ನಿಲ್ಲುವ ಕಟ್ಟೆಯಲ್ಲೇ ನಿಂತು ಬೈನಾಕ್ಯುಲರ್ ಹಿಡಿದೆ. ಗಾಜು ಒರೆಸುವುದು, ನೋಡುವುದು, ಮತ್ತೆ ಒರೆಸುವುದು. ಕಾಲು ಗಂಟೆ ಆದ ಮೇಲೆ ಹಕ್ಕಿ ವಾಪಸ್ ಬಂತು. ಕೊಕ್ಕಿನ ತುಂಬಾ ಹಸಿರು. ಹಾವಸೆ!

ಬಂಡೆ ಸ್ವಲ್ಪ ಮುಂದಕ್ಕೆ ಚಾಚಿದ ಕಡೆ, ಅದರ ಅಡಿಯಲ್ಲಿ, ಒಂದು ಗೇಣಿನ ಕಟ್ಟೆ. ಅದರ ಮೇಲೆ ಅರ್ಧ ಕಟ್ಟಿದ ಗೂಡು. ಬೈನಾಕ್ಯುಲರ್ ಇಲ್ಲದಿದ್ದರೆ ಯಾರಿಗೂ ಗೊತ್ತಾಗದು. ಸುತ್ತಲಿನ ಬಂಡೆಯೆಲ್ಲ ಹಾವಸೆ, ಗೂಡೂ ಹಾವಸೆ. ಬಚ್ಚಲಿನ ಗೂಡಿನ ಹಾಗೆ ಇದು ಕಂದು ಬಣ್ಣಕ್ಕೆ ತಿರುಗುವುದಿಲ್ಲ. ದಿನವಿಡೀ ಎರಚಲು ಬೀಳುತ್ತಿರುವುದರಿಂದ ಕಿತ್ತು ತಂದ ಹಾವಸೆ ಗೂಡಿನಲ್ಲೂ ಹಸಿರಾಗೇ ಇರುತ್ತದೆ. ಹಕ್ಕಿ ಹಾವಸೆಯನ್ನು ಅಂಚಿನಲ್ಲಿ ಇಟ್ಟು, ಬಟ್ಟಲೊಳಗೆ ಕೂತು, ಎದೆಯಿಂದ ಒತ್ತಿ ಒಂದು ಸುತ್ತು ತಿರುಗಿತು. ಮತ್ತೆ ಒತ್ತಿತು, ಮತ್ತೆ ತಿರುಗಿತು. ಬಟ್ಟಲು ದುಂಡಗಾಗುವುದು ಹೀಗೆ. ಅದರ ಎದೆಯ ಅಳತೆಯೇ ಗೂಡಿನ ಅಳತೆ. ನಿನ್ನೆ ಬೆರಳಿಟ್ಟು ಮುಟ್ಟಿದ ಆ ನಯ ಎಲ್ಲಿಂದ ಬಂತು ಅಂತ ಈಗ ತಿಳಿಯಿತು.

ಕಾಡಿನಲ್ಲಿ ಇಷ್ಟು ಜಾಗ ಇರುವಾಗ ಈ ಭೋರ್ಗರೆತದ ಪಕ್ಕದಲ್ಲೇ ಯಾಕೆ? ಅಲ್ಲಿ ನಿಂತಾಗ ನನಗೆ ತೋಚಿದ್ದನ್ನು ಹೇಳುತ್ತೇನೆ. ಆ ಗೋಡೆ ನೆಟ್ಟಗೆ ನಿಂತಿದೆ, ಸದಾ ಒದ್ದೆ, ಎಣ್ಣೆ ಸುರಿದಷ್ಟು ಜಾರಿಕೆ. ಕೇರೆಹಾವು ಹತ್ತುವುದು ಕಷ್ಟ. ಪುನುಗು, ಮಂಗ ಕಾಲಿಡುವುದು ಕಷ್ಟ. ಹಸಿದ ಮರಿಗಳು ಎಷ್ಟು ಚೀರಿದರೂ ನೀರಿನ ಸದ್ದು ಅದನ್ನು ಮುಚ್ಚಿಬಿಡುತ್ತದೆ. ನಮಗೆ ಅಪಾಯ ಅನ್ನಿಸುವ ನೀರೇ ಇದರ ಬೇಲಿ. ಹಿಮಾಲಯದ ಕಡೆಯ ಇದರ ಸೋದರ, ಹಳದಿ ಕೊಕ್ಕಿನ ನೀಲಿ ಸಿಳ್ಳಾರ ಕೂಡ ಬೆಟ್ಟದ ತೊರೆಗಳ ಬಂಡೆ ಸಂದಿಯಲ್ಲೇ ಗೂಡು ಮಾಡುತ್ತದೆ. ಶ್ರೀಲಂಕಾದ ಬೆಟ್ಟಗಳಲ್ಲಿ ಇನ್ನೊಬ್ಬ ಸೋದರ ಇದ್ದಾನೆ, ಅವನ ಸಂತತಿ ತೀರಾ ಕಡಿಮೆಯಾಗಿದೆ. ಎಲ್ಲರಿಗೂ ನೀರಿನ ಸಹವಾಸ ಬೇಕು.

ನಾನು ಒಂದೇ ಕಡೆ ನೋಡುತ್ತಿದ್ದದ್ದನ್ನು ಕಂಡು ಕಾಲೇಜು ಹುಡುಗರು ಮೂವರು ಬಂದರು. ಬೈನಾಕ್ಯುಲರ್ ಕೊಟ್ಟು ತೋರಿಸಿದೆ. ಅವರಲ್ಲಿ ಒಬ್ಬ ಮೊಬೈಲ್ ಹಿಡಿದು ಬಂಡೆಯ ಕಡೆ ಇಳಿಯಲು ಹೊರಟ. ಬೇಡ ಅಂದೆ. ಜಾರಿ ಬೀಳುತ್ತಾನೆ ಅನ್ನುವ ಭಯ ಒಂದು. ಇನ್ನೊಂದು, ಕಟ್ಟುವ ಹಂತದಲ್ಲಿ ಅಡ್ಡಿಯಾದರೆ ಹಕ್ಕಿ ಗೂಡನ್ನು ಅಲ್ಲಿಗೇ ಬಿಟ್ಟು ಹೋಗುವ ಸಾಧ್ಯತೆ ಜಾಸ್ತಿ. ಮನುಷ್ಯ ನಿಂತ ಜಾಗವನ್ನು ಕಾಗೆಯೂ ಗಮನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಕರೆದಿದೆ ಅಂತಲೂ ಹೇಳಿದೆ. ಮೊನ್ನೆ ಮೋರಿಯ ಮೇಲೆ ನಾನು ಮಾಡಿದ್ದನ್ನೂ ಮುಚ್ಚಿಡದೆ ಹೇಳಿದೆ. ಹುಡುಗ ಮೊಬೈಲ್ ಜೇಬಿಗೆ ಹಾಕಿದ. ಆಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಬೈನಾಕ್ಯುಲರ್ ಹಿಡಿದವನು ಅವನೇ.

ಸಂಜೆ ಮನೆ ಸೇರಿದಾಗ ಕತ್ತಲು. ಜಗಲಿಯಲ್ಲಿ ಕೂತು ಕಿವಿಗೊಟ್ಟೆ. ಹಳ್ಳದ ಸದ್ದು ಬಿಟ್ಟರೆ ಜೀರುಂಡೆ, ಕಪ್ಪೆ. ಶಿಳ್ಳೆ ಕೇಳಲಿಲ್ಲ. ಎಷ್ಟು ಹೊತ್ತು ಕೂತರೂ ಕೇಳಲಿಲ್ಲ.

ಐದನೇ ದಿನ

ನಿದ್ದೆ ಸರಿಯಾಗಿ ಬರಲಿಲ್ಲ. ಐದಕ್ಕೆ ಮೊದಲೇ ಎಚ್ಚರ. ಮಳೆ ನಿಂತಿತ್ತು, ಸೂರಿನಿಂದ ಹನಿ ಬೀಳುತ್ತಿತ್ತು. ದೂರದಲ್ಲಿ, ಹಳ್ಳದ ಮೇಲ್ಗಡೆ, ಒಂದು ಶಿಳ್ಳೆ ಕೇಳಿತು. ಆದರೆ ಅದು ಮೋರಿಯ ಹಕ್ಕಿಯೋ, ಮೇಲಿನ ಹಳ್ಳದ ಬೇರೆ ಜೋಡಿಯೋ ಹೇಳುವುದು ಹೇಗೆ?

ಬೆಳಕಾದ ಮೇಲೆ ಬಿದಿರಿನ ಹಿಂಡಿಲಿನ ಹತ್ತಿರ ಹೋದೆ. ನೀರು ಇಳಿದಿತ್ತು. ಬುಡದಲ್ಲಿ ಕಸಕಡ್ಡಿ, ಅಡಿಕೆ ಹಾಳೆ ಸಿಕ್ಕಿಕೊಂಡಿದ್ದವು. ಅಲ್ಲಿಂದಲೇ ಬೈನಾಕ್ಯುಲರಿನಲ್ಲಿ ಮೋರಿ ನೋಡಿದೆ. ಒಳಗೋಡೆಯ ಮೇಲೆ ನೀರು ಏರಿದ ಗುರುತು ಕೆಸರಿನ ಗೆರೆಯಾಗಿ ಉಳಿದಿತ್ತು. ಗೆರೆಗೂ ಚಪ್ಪಡಿಗೂ ನಡುವೆ ಹೆಚ್ಚೆಂದರೆ ಒಂದೂವರೆ ಗೇಣು. ಗೂಡು ಆ ಒಂದೂವರೆ ಗೇಣಿನಲ್ಲಿ ಎಲ್ಲಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷ ಏನೂ ಇಲ್ಲ. ಪಿಕಳಾರಗಳು ಬಂದು ಹೋದವು. ಒಂದು ಮಿಂಚುಳ್ಳಿ ನೇರ ಮೋರಿಯೊಳಗಿಂದ ಹಾದು ಹೋಯಿತು. ಇಂಬಳ ಎರಡು ಕಾಲಿಗೂ ಹತ್ತಿದ್ದು ಗೊತ್ತಾಯಿತು. ಅಲುಗಾಡಲಿಲ್ಲ.

ಆಮೇಲೆ ‘ಕ್ರೀ...’

ಕೆಳಗಿನ ಕಲ್ಲಿನ ಮೇಲೆ ಸಿಳ್ಳಾರ ಬಂದು ಕೂತಿತು. ಬಾಲ ಬಿಚ್ಚಿತು, ಮುಚ್ಚಿತು. ಕೊಕ್ಕಿನಲ್ಲಿ ಕಾಲು ಮುರಿದ ಒಂದು ಪುಟ್ಟ ಏಡಿ. ಆಚೀಚೆ ನೋಡಿತು. ನನ್ನ ಕಡೆಯೂ ನೋಡಿತು ಅನ್ನಿಸಿತು. ಉಸಿರು ಬಿಗಿ ಹಿಡಿದೆ. ಅದು ಇಳಿದು, ನೀರಿನ ಮೇಲೆ ತಗ್ಗಾಗಿ ಹಾರಿ, ಚಪ್ಪಡಿಯ ಅಡಿಗೆ ಹೋಯಿತು.

ಒಳಗೆ ಹೋಗಿದ್ದೇನೋ ಹೋಯಿತು. ಖಾಲಿ ಗೂಡಿಗೂ ಹಕ್ಕಿ ಒಂದೆರಡು ಸಲ ಬಂದು ಹೋಗಬಹುದು. ಹಾಗಾಗಿ ನಾನು ಕಾದದ್ದು ಅದು ಹೊರಗೆ ಬರುವುದಕ್ಕೆ.

ಬಂತು. ಬಾಯಲ್ಲಿ ಬಿಳಿ ಪೊಟ್ಟಣ ಇತ್ತು. ಅದನ್ನು ಕಚ್ಚಿಕೊಂಡು ಹಳ್ಳದ ತಿರುವಿನ ಆಚೆ ಹೋಯಿತು. ಅದು ಮರೆಯಾಗುವ ಮೊದಲೇ ಇನ್ನೊಂದು ಹಕ್ಕಿ ಎರೆಹುಳು ಹಿಡಿದು ಬಂದು ಕಲ್ಲಿನ ಮೇಲೆ ಕೂತಿತ್ತು.

ಬಿದಿರಿನ ಹಿಂದಿನಿಂದಲೇ ಬಗ್ಗಿಕೊಂಡು ವಾಪಸ್ ಬಂದೆ. ಬಸ್ಸಿಗೆ ಹೊತ್ತಾಗಿತ್ತು. ಅಂಗಳದಲ್ಲಿ ಅಜ್ಜಿ ಕಾಯುತ್ತಾ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

‘ಎಷ್ಟು ಮರಿ?’ ಅಂತ ಕೇಳಿದರು.

‘ನೋಡಲಿಲ್ಲ’ ಅಂದೆ.

‘ಒಳ್ಳೇದಾಯ್ತು. ಮೋರಿ ಮೇಲೆ ಹೋಗಬೇಡ, ಮೇಲಿನ ತೋಟದಿಂದ ಹೋಗು’ ಅಂದರು.